ಮಳೆಮಾಪಕವನ್ನು ಮರದ ಕೆಳಗೆ ಇಡಬೇಡಿ: ಕುಗ್ಗಿದ ಆತ್ಮವಿಶ್ವಾಸವನ್ನು ಮತ್ತೆ ಕಟ್ಟಿಕೊಳ್ಳುವ ಬಗೆ

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಕನ್ನಡ ಮಾಧ್ಯಮದಲ್ಲಿ ಓದು ಮುಗಿಸಿದ್ದ ನಾನು ಕಾಸರಗೋಡಿನ ಒಂದು ಕಚೇರಿಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಆಯ್ಕೆಯಾದವರ ಹೆಸರು ಹಾಕಿದ್ದಾರೆಂದು ತಿಳಿದು, ಬದಿಯಡ್ಕದಿಂದ ಬಸ್ಸು ಹತ್ತಿ ಹೋಗಿ, ಕೌಂಟರಿನಲ್ಲಿ ನನಗೆ ಬರುತ್ತಿದ್ದಷ್ಟು ಮಲಯಾಳದಲ್ಲಿ “ಈ ಪಟ್ಟಿಯಿಲ್ ಎನ್ಟೆ ಪೇರುಂಡೋ” ಎಂದು ಕೇಳಿದೆ. ನಮ್ಮ ಪಟ್ಟಿಗೆ ಮಲಯಾಳದಲ್ಲಿ ‘ಪಟ್ಟಿಕ’ ಎನ್ನಬೇಕು. ಬರಿಯ ‘ಪಟ್ಟಿ’ ಎಂದರೆ ನಾಯಿ. ಈ ನಾಯಿಯಲ್ಲಿ ನನ್ನ ಹೆಸರಿದೆಯೇ ಎಂದು ಗಂಭೀರವಾಗಿ ವಿಚಾರಿಸಿದ ಯುವಕನನ್ನು ಕಂಡು ಅಲ್ಲಿದ್ದ ಮೂವರಲ್ಲಿ ಇಬ್ಬರು ಜೋರಾಗಿ ನಕ್ಕರು. ನನ್ನ ಕಿವಿ ಕೆಂಪಾಯಿತು, ಕುತ್ತಿಗೆ ತಗ್ಗಿತು. ಗೋಡೆಯ ಬೋರ್ಡಿನಲ್ಲಿ ಅಂಟಿಸಿದ್ದ ಆ ಪಟ್ಟಿಯನ್ನು ನೋಡದೆಯೇ ಹೊರಟುಬಂದೆ. ಅದಾದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕಚೇರಿಯ ಕೆಲಸವೆಂದರೆ ತಮ್ಮನನ್ನು ಕಳುಹಿಸುತ್ತಿದ್ದೆ.

ಮೂರು ಸೆಕೆಂಡಿನ ನಗು ಒಂದು ವರ್ಷ ಉಳಿಯುವುದೇಕೆ ಎಂಬ ಪ್ರಶ್ನೆಗೆ ನನಗೆ ಸಮಾಧಾನಕರವಾದ ಉತ್ತರ ದೊರೆತದ್ದು ಮುಂದೆ ವಿಕಾಸ ಮನೋವಿಜ್ಞಾನವನ್ನು, ಅಂದರೆ ಮನಸ್ಸಿನ ಗುಣಗಳು ಮನುಷ್ಯನ ವಿಕಾಸದಲ್ಲಿ ಹೇಗೆ ರೂಪುಗೊಂಡವೆಂದು ನೋಡುವ ಶಾಸ್ತ್ರವನ್ನು, ಓದತೊಡಗಿದಾಗ. ಹೈಸ್ಕೂಲಿನ ಮಕ್ಕಳೊಂದಿಗೆ ಕೆಲಸ ಮಾಡುತ್ತ, ಅವರ ಹೆತ್ತವರೊಂದಿಗೂ ಮಾತಾಡುತ್ತ, ಆ ಓದಿನಲ್ಲಿ ಯಾವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಸ್ವಲ್ಪಮಟ್ಟಿಗೆ ತಿಳಿಯಿತು. ಉಪಯೋಗಕ್ಕೆ ಬಂದದ್ದನ್ನು ಹೆಜ್ಜೆಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆಗಳಿಗೆ ಮೊದಲು, ಒಳಗಿರುವ ಮಾಪಕದ ವಿಚಾರ

ನಮ್ಮ ಪ್ರಭೇದದ ಮನುಷ್ಯರು (ಹೋಮೊ ಸೇಪಿಯನ್ಸ್) ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷಗಳಾಗಿವೆ. ಬೇಸಾಯ ಆರಂಭವಾದದ್ದು ಕಳೆದ 10ರಿಂದ 12 ಸಾವಿರ ವರ್ಷಗಳಲ್ಲಿ. ಅದಕ್ಕೂ ಮುಂಚಿನ ದೀರ್ಘಕಾಲವೆಲ್ಲ ಬೇಟೆಯಾಡುತ್ತ, ಗೆಡ್ಡೆಗೆಣಸು ಅಗೆಯುತ್ತ, ಸಣ್ಣ ಗುಂಪುಗಳಲ್ಲಿಯೇ ಕಳೆದುಹೋಯಿತು. ಅಂತಹ ಗುಂಪಿನಿಂದ ಹೊರಬಿದ್ದವನಿಗೆ ಊಟದಲ್ಲಿ ಪಾಲಿಲ್ಲ, ಜ್ವರ ಬಂದರೆ ನೋಡುವವರಿಲ್ಲ, ರಾತ್ರಿ ಕಾವಲಿಗೆ ಜೊತೆಯಿಲ್ಲ. ಆದ್ದರಿಂದ “ಇವರು ನನ್ನನ್ನು ಇಟ್ಟುಕೊಳ್ಳುತ್ತಾರೆಯೇ, ಬಿಡುತ್ತಾರೆಯೇ” ಎಂಬುದನ್ನು ಸದಾ ಗಮನಿಸುತ್ತಿದ್ದ ಮನಸ್ಸುಗಳು ಉಳಿದು, ಮಕ್ಕಳನ್ನು ಪಡೆದು, ಆ ಗುಣವನ್ನು ನಮ್ಮವರೆಗೆ ದಾಟಿಸಿದವು ಎಂದು ಈ ಶಾಸ್ತ್ರ ಹೇಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲಿಯರಿ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ಇದನ್ನು ಒಂದು ಸಿದ್ಧಾಂತವಾಗಿ ಮಂಡಿಸಿದರು: ನಾವು ಆತ್ಮಗೌರವ ಎಂದು ಕರೆಯುವ ಭಾವನೆಯು, ಸುತ್ತಲಿನವರು ನಮ್ಮನ್ನು ಎಷ್ಟರಮಟ್ಟಿಗೆ ಬೇಕಾದವರೆಂದು ಎಣಿಸುತ್ತಾರೆ ಎಂಬುದನ್ನು ಅಂದಾಜು ಮಾಡಿ ತೋರಿಸುವ ಒಂದು ಒಳಮಾಪಕ.

ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಮಾಪಕವೆಂದರೆ ವಿವರಿಸಬೇಕಾಗಿಲ್ಲ. ಎಷ್ಟೋ ಮನೆಗಳ ಅಂಗಳದಲ್ಲಿ ಮಳೆಮಾಪಕವಿದೆ. ಬೆಳಿಗ್ಗೆ ಎದ್ದು ನಿನ್ನೆ ಎಷ್ಟು ಮಿಲಿಮೀಟರು ಬಿತ್ತೆಂದು ನೋಡಿ ಡೈರಿಯಲ್ಲಿ ಬರೆದಿಡುವ ಹಿರಿಯರು ಇದ್ದಾರೆ. ಮಾಪಕ ಖಾಲಿಯಾಗಿದ್ದರೆ ಯಾರೂ ಮಾಪಕವನ್ನು ಬೈಯುವುದಿಲ್ಲ, ಅದರೊಳಗೆ ತಾವೇ ಒಂದು ಚೊಂಬು ನೀರು ಸುರಿದು ಸಮಾಧಾನಪಟ್ಟುಕೊಳ್ಳುವುದೂ ಇಲ್ಲ. ಆದರೆ ಆತ್ಮಗೌರವದ ವಿಷಯದಲ್ಲಿ ನಾವು ಮಾಡುವುದು ಬಹುಮಟ್ಟಿಗೆ ಈ ಎರಡೇ. ಮುಳ್ಳು ಕೆಳಗಿಳಿದರೆ “ನಾನು ನಾಲಾಯಕ್ಕು” ಎಂದು ನಮ್ಮನ್ನೇ ಹಳಿದುಕೊಳ್ಳುತ್ತೇವೆ. ಇಲ್ಲವೇ ಕನ್ನಡಿಯ ಮುಂದೆ ನಿಂತು “ನಾನು ಶ್ರೇಷ್ಠ, ನಾನು ಸಮರ್ಥ” ಎಂದು ಜಪಿಸುತ್ತೇವೆ. ಜಪಿಸಿದ್ದು ಚೊಂಬಿನ ನೀರು, ತೋಟ ಒದ್ದೆಯಾಗುವುದಿಲ್ಲ.

ಈ ಮಾಪಕಕ್ಕೆ ಇನ್ನೊಂದು ಗುಣವಿದೆ. ವೈದ್ಯ ರ್‍ಯಾಂಡಾಲ್ಫ್ ನೆಸ್ಸೆ ಆತಂಕದಂತಹ ಎಚ್ಚರಿಕೆಯ ಭಾವನೆಗಳನ್ನು ಹೊಗೆ ಕಂಡು ಕೂಗುವ ಅಲಾರಮಿಗೆ ಹೋಲಿಸಿದರು. ಒಗ್ಗರಣೆಯ ಹೊಗೆಗೂ ಅದು ಕೂಗುತ್ತದೆ, ಏಕೆಂದರೆ ಹತ್ತು ಸಲ ಸುಮ್ಮನೆ ಕೂಗಿದರೆ ಆಗುವ ನಷ್ಟ ಕಿರಿಕಿರಿ ಮಾತ್ರ, ಬೆಂಕಿ ಬಿದ್ದಾಗ ಒಂದು ಸಲ ಸುಮ್ಮನಿದ್ದರೆ ಮನೆಯೇ ಹೋಗುತ್ತದೆ. ತೋಟದ ಮನೆಯ ನಾಯಿಯೂ ಹಾಗೆಯೇ (ಮತ್ತೆ ನಾಯಿಯೇ ಬಂತು, ಇರಲಿ): ರಾತ್ರಿ ಒಂದು ಅಡಿಕೆ ಹಾಳೆ ಬಿದ್ದರೂ ಬೊಗಳುತ್ತದೆ, ಕಾಡುಹಂದಿ ಬಂದರೂ ಬೊಗಳುತ್ತದೆ. ನಾವು ಎದ್ದು ಟಾರ್ಚು ಹಾಕಿ ನೋಡುತ್ತೇವೆಯೇ ಹೊರತು, ಬೊಗಳಿದ ಮಾತ್ರಕ್ಕೆ ಹಂದಿ ಬಂದಿದೆಯೆಂದು ತೀರ್ಮಾನಿಸುವುದಿಲ್ಲ.

ಮಾಪಕ ಎಷ್ಟು ಸೂಕ್ಷ್ಮವೆಂಬುದಕ್ಕೆ ಕಿಪ್ಲಿಂಗ್ ವಿಲಿಯಮ್ಸ್ ಅವರು 2000ದಲ್ಲಿ ಪ್ರಕಟಿಸಿದ ಪ್ರಯೋಗವೇ ಸಾಕ್ಷಿ. ಕಂಪ್ಯೂಟರ್ ಪರದೆಯ ಮೇಲೆ, ಮುಖ ಕಾಣದ ಅಪರಿಚಿತರೊಂದಿಗೆ ಚೆಂಡು ಎಸೆಯುವ ಸಾಧಾರಣ ಆಟ; ಕೆಲವು ಎಸೆತಗಳ ನಂತರ ಉಳಿದವರು ತಮ್ಮತಮ್ಮಲ್ಲೇ ಆಡಿಕೊಂಡು ನಿಮ್ಮನ್ನು ಕೈಬಿಡುತ್ತಾರೆ. ಕೆಲವೇ ನಿಮಿಷಗಳ ಈ ಅಲಕ್ಷ್ಯದಿಂದ ಜನರ ಆತ್ಮಗೌರವ ಇಳಿದದ್ದು ಕಂಡುಬಂತು. ಎದುರಿನ ಆಟಗಾರರು ಮನುಷ್ಯರೇ ಅಲ್ಲ, ಯಂತ್ರವೇ ಆಡಿಸುತ್ತಿದೆ ಎಂದು ಮೊದಲೇ ತಿಳಿಸಿದ್ದರೂ ನೋವಾಗುತ್ತಿತ್ತೆಂದು ವಿಲಿಯಮ್ಸ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ತೋರಿಸಿದರು. ಯಂತ್ರ ಚೆಂಡು ಕೊಡಲಿಲ್ಲವೆಂದು ಮುದುಡುವ ಮನಸ್ಸು ಕೌಂಟರಿನ ನಗುವಿಗೆ ಮುದುಡಿದರೆ ಅದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ವಿಕಾಸದ ಹೆಸರಿನಲ್ಲಿ ಯಾವುದಕ್ಕೆ ಬೇಕಾದರೂ ಕಥೆ ಕಟ್ಟಬಹುದು. ಜೀವವಿಜ್ಞಾನಿಗಳಾದ ಸ್ಟೀಫನ್ ಜೇ ಗೌಲ್ಡ್ ಮತ್ತು ರಿಚರ್ಡ್ ಲೆವಾಂಟಿನ್ 1979ರಷ್ಟು ಹಿಂದೆಯೇ ಈ ಚಾಳಿಯನ್ನು ಕಟುವಾಗಿ ಟೀಕಿಸಿದ್ದರು. ಅದರಲ್ಲಿಯೂ ಹುಡುಗರ ಫೋನಿನಲ್ಲಿ ಹರಿದಾಡುವ ‘ಆಲ್ಫಾ ಗಂಡಸು’ (ಗುಂಪನ್ನು ಬಲದಿಂದ ಆಳುವ ಗಂಡು) ಎಂಬ ಸರಕಿಗೆ ಬುಡವೇ ಇಲ್ಲ. ತೋಳಗಳ ಬಗ್ಗೆ ಬರೆದ ಪುಸ್ತಕದ ಮೂಲಕ ಆ ಪದವನ್ನು ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ, ಕಾಡಿನ ತೋಳದ ಹಿಂಡೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮರಿಗಳ ಸಂಸಾರವೆಂದು 1999ರಲ್ಲಿ ಬರೆದು ತಮ್ಮ ಹಳೆಯ ಮಾತನ್ನು ತಿದ್ದಿಕೊಂಡರು.

ಮೊದಲ ಹೆಜ್ಜೆ: ನಡೆದದ್ದನ್ನೂ ಮುಳ್ಳು ತೋರಿಸಿದ್ದನ್ನೂ ಬೇರೆಬೇರೆಯಾಗಿ ಬರೆಯಿರಿ

ಒಂದು ನೂರು ಪುಟದ ನೋಟುಪುಸ್ತಕ ತೆಗೆದುಕೊಂಡು ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ, ಆ ಜಾಗದಲ್ಲಿ ಒಂದು ಸಿಸಿಟಿವಿ ಇದ್ದಿದ್ದರೆ ಅದರಲ್ಲಿ ಏನು ದಾಖಲಾಗುತ್ತಿತ್ತೋ ಅಷ್ಟನ್ನೇ ಬರೆಯಿರಿ. ಬಲಕ್ಕೆ, ಮನಸ್ಸು ಹೇಳಿದ್ದನ್ನು ಅದರ ಮಾತಿನಲ್ಲಿಯೇ ಬರೆಯಿರಿ. ನನ್ನ ಪುಟದ ಎಡಭಾಗದಲ್ಲಿ “ಒಂದು ಪದ ತಪ್ಪಿತು, ಮೂವರಲ್ಲಿ ಇಬ್ಬರು ನಕ್ಕರು, ಮೂರನೆಯವರು ಬೋರ್ಡಿನ ಕಡೆ ಕೈ ತೋರಿಸಿದರು” ಎಂದಿತ್ತು. ಬಲಭಾಗದಲ್ಲಿ “ಇಡೀ ಕಚೇರಿ ನಕ್ಕಿತು, ನಾನು ಎಲ್ಲಿಗೂ ಸಲ್ಲುವವನಲ್ಲ” ಎಂದಿತ್ತು. ಕೈ ತೋರಿಸಿದ ಆ ಮೂರನೆಯವರು ನನಗೆ ಸಹಾಯ ಮಾಡುತ್ತಿದ್ದರೆಂಬುದು ಬರೆಯುವವರೆಗೆ ಹೊಳೆದೇ ಇರಲಿಲ್ಲ. ಬಲಭಾಗವನ್ನು ಹೊಡೆದುಹಾಕಬೇಡಿ, ವಾದಿಸಲೂ ಬೇಡಿ. ಒಂದು ವಾರ ದಿನಕ್ಕೊಂದು ಘಟನೆಯಂತೆ ಬರೆದರೆ ಸಾಕು.

ಎರಡನೆಯ ಹೆಜ್ಜೆ: ದೇಹ ಕುಗ್ಗುವುದನ್ನು ಕ್ಷಮಿಸಿ

ಇದನ್ನು ಬೇಗ ಹೇಳಿ ಮುಗಿಸಬಹುದು. ಜೆಸಿಕಾ ಟ್ರೇಸಿ ಮತ್ತು ಡೇವಿಡ್ ಮಾತ್ಸುಮೊಟೊ 2004ರ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್‌ನ ಜೂಡೊ ಆಟಗಾರರ ಚಿತ್ರಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿನಿಂದಲೇ ಕಣ್ಣು ಕಾಣದ, ಅಂದರೆ ಇನ್ನೊಬ್ಬರ ಭಂಗಿಯನ್ನು ನೋಡಿ ಕಲಿತಿರಲು ಸಾಧ್ಯವೇ ಇಲ್ಲದ ಆಟಗಾರರೂ ಗೆದ್ದಾಗ ಎದೆಯುಬ್ಬಿಸಿ ಕೈಯೆತ್ತುತ್ತಿದ್ದರು, ಸೋತಾಗ ಭುಜ ಇಳಿಬಿಡುತ್ತಿದ್ದರು. ಕುಗ್ಗಿದ ದೇಹ “ನಾನು ಜಗಳಕ್ಕಿಲ್ಲ, ಬಿಟ್ಟುಬಿಡಿ” ಎಂದು ಎದುರಿನವರಿಗೆ ತಿಳಿಸುವ ಬಹಳ ಹಳೆಯ ಸಂಕೇತವೆಂದು ಪಾಲ್ ಗಿಲ್ಬರ್ಟ್ ಅವರಂತಹವರು ವಿವರಿಸುತ್ತಾರೆ. ಕಿವಿ ಕೆಂಪಾದರೆ ಆಗಲಿ. ಅದು ತಾನಾಗಿ ಇಳಿಯುತ್ತದೆ. ಕಿವಿ ಕೆಂಪಾಯಿತಲ್ಲಾ ಎಂದು ಎರಡನೆಯ ಸಲ ನಾಚಿಕೊಂಡಾಗಲೇ ಅದು ಇಡೀ ದಿನ ಉಳಿಯುವುದು.

ಮೂರನೆಯ ಹೆಜ್ಜೆ: ಮಾಪಕ ಎಲ್ಲಿದೆಯೆಂದು ನೋಡಿ

ನನ್ನ ಅನುಭವದಲ್ಲಿ ಹೆಚ್ಚಿನವರ ತೊಂದರೆ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಲ್ಲೋಣ. ಮಳೆಮಾಪಕವನ್ನು ಇಡುವಾಗ ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿಡಬೇಕೆಂಬುದು ನಿಯಮ. ತೆಂಗಿನ ಮರದ ಕೆಳಗಿಟ್ಟರೆ ಮಡಲು ಮಳೆಯನ್ನು ತಡೆದು ಲೆಕ್ಕ ಕಡಿಮೆ ಬರುತ್ತದೆ. ಮಡಲಿನ ತುದಿಯಿಂದ ನೀರು ಸುರಿಯುವಲ್ಲಿಟ್ಟರೆ ಲೆಕ್ಕ ಹೆಚ್ಚು ಬರುತ್ತದೆ. ಎರಡೂ ಸುಳ್ಳೇ, ಆದರೂ ಮಾಪಕ ಕೆಟ್ಟಿಲ್ಲ.

ಒಳಮಾಪಕವು ಸಣ್ಣ ಗುಂಪಿಗಾಗಿ ರೂಪುಗೊಂಡದ್ದು. ಮನುಷ್ಯನೊಬ್ಬ ಸ್ಥಿರವಾಗಿ ಸಂಬಂಧ ಉಳಿಸಿಕೊಳ್ಳಬಲ್ಲ ಜನರ ಸಂಖ್ಯೆ ಸುಮಾರು 150 ಎಂದು ರಾಬಿನ್ ಡನ್ಬಾರ್ ಅಂದಾಜಿಸಿದರು. ಅದರೊಳಗೆ ತೀರಾ ಆಪ್ತರು 5, ಅದರಾಚೆಯ ವಲಯದವರೂ ಸೇರಿ 15, ಹೀಗೆ ಸುತ್ತುಗಳು. ಈ ಸಂಖ್ಯೆಗಳ ಖಚಿತತೆಯ ಬಗ್ಗೆ ತಕರಾರುಗಳಿವೆ, ಆದರೆ ವಲಯಗಳ ಕಲ್ಪನೆ ನಮ್ಮ ಕೆಲಸಕ್ಕೆ ಸಾಕು. ಜನರು ತಮ್ಮ ಯೋಗ್ಯತೆಯನ್ನು ಇತರರೊಂದಿಗೆ ಹೋಲಿಸಿಯೇ ಅಳೆಯುತ್ತಾರೆಂದು ಲಿಯೊನ್ ಫೆಸ್ಟಿಂಗರ್ 1954ರಲ್ಲಿ ಹೇಳಿದಾಗ ಆ ಇತರರೆಂದರೆ ಸಹಪಾಠಿ, ನೆರೆಯವ, ಜೊತೆಯ ಕೆಲಸಗಾರ. ಹಿಂದೆ ಊರಿನ ಹವ್ಯಾಸಿ ಯಕ್ಷಗಾನ ಸಂಘದ ಭಾಗವತನಿಗೆ ಊರಿನಲ್ಲಿ ತಾನೊಬ್ಬನೇ ಭಾಗವತನೆಂಬ ಬೆಲೆಯಿತ್ತು. ಈಗ ಅದೇ ಸಂಘದ ಹುಡುಗ ಒಂದು ಪದ್ಯ ಕಲಿಯುವ ಮೊದಲೇ ಹತ್ತು ಮೇಳಗಳ ಹತ್ತು ಭಾಗವತರನ್ನು ಫೋನಿನಲ್ಲಿ ಕೇಳಿ, ತನ್ನ ಕಂಠಕ್ಕೆ ತಾನೇ ಸೊನ್ನೆ ಅಂಕ ಕೊಟ್ಟುಕೊಳ್ಳುತ್ತಾನೆ. ಗಲ್ಫಿನಲ್ಲಿರುವ ಸೋದರಮಾವನ ಮಗ ಹೊಸ ಕಾರಿನೆದುರು ನಿಂತ ಫೋಟೊ, ಬೆಂಗಳೂರಿನ ಗೆಳತಿಯ ಗೃಹಪ್ರವೇಶ, ಎಲ್ಲವೂ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಸ್ಟೇಟಸ್ಸಿನಲ್ಲಿ ಸಿಗುತ್ತವೆ. ಮಾಪಕಕ್ಕೆ ಇವರೆಲ್ಲ ಒಂದೇ ಗುಂಪಿನವರಂತೆ ಕಾಣುತ್ತಾರೆ.

ಗಡಿನಾಡಿನವರಿಗೆ ಇದರ ಮೇಲೆ ಇನ್ನೊಂದು ಮರದ ನೆರಳು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗ ಎರಡು ಕಡೆ ಪರೀಕ್ಷೆಗೆ ಕುಳಿತವನು. ಕಚೇರಿಗೆ ಹೋದರೆ ಮಲಯಾಳ ಸರಿಯಿಲ್ಲವೆಂದು ನಗುತ್ತಾರೆ, ಮಂಗಳೂರು ದಾಟಿ ಮೇಲೆ ಹೋದರೆ “ನಿಮ್ಮದು ಯಾವ ಕನ್ನಡ” ಎಂದು ಕೇಳುತ್ತಾರೆ. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕರಾಡವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸುವ ಮಗು ಮೂರು ಭಾಷೆ ಬಲ್ಲೆನೆಂದು ಹೆಮ್ಮೆಪಡುವ ಬದಲು ಮೂರರಲ್ಲಿಯೂ ಅರ್ಧಂಬರ್ಧವೆಂದು ಕುಗ್ಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ತಪ್ಪು ಜಾಗದಲ್ಲಿಟ್ಟ ಮಾಪಕಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಮಾಡಬೇಕಾದದ್ದು ಹೀಗೆ. ನೋಟುಪುಸ್ತಕದ ಕೊನೆಯ ಪುಟದಲ್ಲಿ, ನಿಮ್ಮ ಕಷ್ಟಕ್ಕೆ ರಾತ್ರಿ ಹನ್ನೆರಡಕ್ಕೂ ಬರುವ 5 ಜನರ ಹೆಸರು ಬರೆಯಿರಿ. ಅದರ ಕೆಳಗೆ, ನೀವು ಒಂದು ತಿಂಗಳು ಕಾಣದಿದ್ದರೆ “ಎಲ್ಲಿ ಹೋದ” ಎಂದು ವಿಚಾರಿಸುವ ಇನ್ನೂ 10 ಜನರ ಹೆಸರು. ಐದು ತುಂಬದಿದ್ದರೆ ಮೂರೇ ಇರಲಿ. ಎದೆಗೆ ನಾಟಿದ ಯಾವ ಮಾತೇ ಆದರೂ ಅದನ್ನು ಹೇಳಿದವರು ಈ ಪುಟದಲ್ಲಿದ್ದಾರೆಯೇ ಎಂದು ನೋಡಿ. ಇದ್ದರೆ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅವರ ಬಳಿ ಹೋಗಿ ಕೇಳಿ. ಇಲ್ಲದಿದ್ದರೆ ಅದು ಮಡಲಿನಿಂದ ಬಿದ್ದ ನೀರು. ಸ್ಟೇಟಸ್ಸು ನೋಡುವುದನ್ನು ಸಂಜೆಗೆ ಮುಂದೂಡಿ; ಪೂರ್ತಿ ಬಿಡುತ್ತೇನೆಂದು ಶಪಥ ಮಾಡಿದವರು ಮೂರನೆಯ ದಿನ ಮುರಿದು, ಅದಕ್ಕೂ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಆದರೆ ಕೆಲವೊಮ್ಮೆ ಬಿದ್ದದ್ದು ನಿಜವಾದ ಮಳೆಯೇ ಆಗಿರುತ್ತದೆ. ಅರ್ಜಿ ಕನ್ನಡದಲ್ಲಿದೆಯೆಂದು ಯಾರಾದರೂ ಹಿಂದಿರುಗಿಸಿದರೆ ಅದು ನಿಮ್ಮ ಆತ್ಮವಿಶ್ವಾಸದ ಕೊರತೆಯಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ದೂರಿನ ಮನವಿ ಸಲ್ಲಿಸುವ ಹಕ್ಕು ಸಂವಿಧಾನದ 350ನೆಯ ವಿಧಿಯಲ್ಲಿದೆ. ಅಂತಹ ಕಡೆ ಮನಸ್ಸನ್ನು ಸರಿಪಡಿಸಿಕೊಳ್ಳಲು ಹೊರಡುವುದಕ್ಕಿಂತ ಲಿಖಿತ ದೂರು ಕೊಟ್ಟು ರಶೀದಿ ಪಡೆಯುವುದು ಮೇಲು.

ನಾಲ್ಕನೆಯ ಹೆಜ್ಜೆ: ಸಣ್ಣ ಏಣಿ ಕಟ್ಟಿ ಏರಿ

ತನ್ನಿಂದಾಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬರುತ್ತದೆಂದು ಆಲ್ಬರ್ಟ್ ಬಂಡೂರಾ 1977ರಲ್ಲಿ ವಿಂಗಡಿಸಿದರು. ತಾನೇ ಮಾಡಿ ಗೆದ್ದದ್ದು, ತನ್ನಂತಹವರು ಮಾಡಿದ್ದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ತನ್ನ ದೇಹಸ್ಥಿತಿ, ಈ ನಾಲ್ಕರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ಹಾಗಾಗಿ ಭಯವಿರುವ ಕೆಲಸವನ್ನು ಮೆಟ್ಟಿಲುಗಳಾಗಿ ಒಡೆಯಬೇಕು, ಪ್ರತಿ ಮೆಟ್ಟಿಲಿನಲ್ಲಿ ಸೋಲಲು ಸಾಧ್ಯವಿರಬೇಕು, ಆದರೆ ಸೋತರೆ ನಷ್ಟವಾಗಬಾರದು.

ನನ್ನ ಏಣಿ ಹೀಗಿತ್ತು. ಮೊದಲ ವಾರ, ಬಸ್ಸಿನಲ್ಲಿ ಕಂಡಕ್ಟರನೊಂದಿಗೆ ಟಿಕೆಟಿಗಿಂತ ಒಂದು ವಾಕ್ಯ ಹೆಚ್ಚು ಮಲಯಾಳ ಮಾತಾಡುವುದು. ಎರಡನೆಯ ವಾರ, ಗೊಬ್ಬರದ ಅಂಗಡಿಯಲ್ಲಿ ದರ ವಿಚಾರಿಸಿ, ಕೊಳ್ಳದೆ ಹಿಂದೆ ಬರುವುದು; ಕೊಳ್ಳದೆ ಬರುವುದು ಭಾಷೆಗಿಂತ ಕಷ್ಟವಾಯಿತು. ಮೂರನೆಯದು, ಅಕ್ಷಯ ಕೇಂದ್ರದಲ್ಲಿ (ಕೇರಳದ ಸರ್ಕಾರಿ ಸೇವಾಕೇಂದ್ರ) ಒಂದು ಅರ್ಜಿಯ ಬಗ್ಗೆ ಕೇಳುವುದು. ಬೇಕಾದ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಅಂಗಿಯ ಕಿಸೆಯಲ್ಲಿ ಬೆವರಿಗೆ ಶಾಯಿ ಹರಡಿ ಅರ್ಧ ವಾಕ್ಯ ಅಳಿಸಿಹೋಗಿತ್ತು, ಉಳಿದರ್ಧವನ್ನು ಕೈಸನ್ನೆಯಲ್ಲಿ ಪೂರೈಸಿದೆ, ಕೆಲಸವಾಯಿತು. ನಾಲ್ಕನೆಯದು ಫೋನು, ಮುಖ ಕಾಣದ ಕಾರಣ ಅದು ನನಗೆ ಕೌಂಟರಿಗಿಂತ ಎತ್ತರದ ಮೆಟ್ಟಿಲಾಗಿತ್ತು. ಕಚೇರಿ ಐದನೆಯದು. ನಿಮ್ಮ ಏಣಿ ಬೇರೆ ಇರಬಹುದು, ಸಭೆಯಲ್ಲಿ ಮಾತಾಡುವುದೋ, ಬಿಟ್ಟ ಕೆಲಸಕ್ಕೆ ಮತ್ತೆ ಅರ್ಜಿ ಹಾಕುವುದೋ, ಮುರಿದ ಮದುವೆಯ ನಂತರ ನೆಂಟರ ಜಂಬರಕ್ಕೆ (ಸಮಾರಂಭಕ್ಕೆ) ಹೋಗುವುದೋ. ಒಂದು ಮೆಟ್ಟಿಲಿನಲ್ಲಿ ಎದೆಬಡಿತ ಸುಮಾರಾಗಿ ತಗ್ಗುವವರೆಗೆ ಅದನ್ನೇ ಮತ್ತೆಮತ್ತೆ ಮಾಡಿ, ಆಮೇಲೆ ಮುಂದಿನದು.

ಐದನೆಯ ಹೆಜ್ಜೆ: ಒಂದು ಕಡೆ ಬೇಕಾದವರಾಗಿ

ಮನುಷ್ಯರಲ್ಲಿ ಮೇಲ್ಸ್ಥಾನ ಎರಡು ದಾರಿಯಲ್ಲಿ ಬರುತ್ತದೆಂದು ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ 2001ರಲ್ಲಿ ವಾದಿಸಿದರು. ಒಂದು ಹೆದರಿಸಿ ಪಡೆದದ್ದು, ಇನ್ನೊಂದು ಬಲ್ಲವರೆಂದು ಜನ ತಾವಾಗಿ ಬಂದು ಕೊಟ್ಟದ್ದು. ಎರಡನೆಯದಕ್ಕೆ ದೊಡ್ಡ ವಿದ್ಯೆಯೇ ಬೇಕೆಂದಿಲ್ಲ. ನಮ್ಮ ನೆರೆಯ ಒಬ್ಬ ಹೆಂಗಸು ಮಂಗಳೂರಿನಲ್ಲಿದ್ದ ಕೆಲಸ ಹೋಗಿ ಮನೆಗೆ ಮರಳಿದವರು, ಆರು ತಿಂಗಳು ಅಂಗಳದಾಚೆ ಬಂದಿರಲಿಲ್ಲ. ಅವರ ಅತ್ತಿಗೆಯ ಒತ್ತಾಯಕ್ಕೆ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ಲೆಕ್ಕದ ಪುಸ್ತಕವನ್ನು ಒಂದು ತಿಂಗಳ ಮಟ್ಟಿಗೆ ಬರೆಯಲು ಒಪ್ಪಿಕೊಂಡರು. ಬ್ಯಾಂಕಿಗೆ ಕಟ್ಟಿದ ಮೊತ್ತಕ್ಕೂ ಪುಸ್ತಕಕ್ಕೂ 340 ರೂಪಾಯಿಯ ವ್ಯತ್ಯಾಸವಿತ್ತು. ಅದನ್ನು ಅವರು ಎರಡು ಸಂಜೆ ಕುಳಿತು ಹುಡುಕಿದರು. ಅದಾದ ಮೇಲೆ ಲೆಕ್ಕದ ಸಂಶಯವೆಂದರೆ ಎಲ್ಲರೂ “ಅಕ್ಕನ ಹತ್ತಿರ ಕೇಳುವ” ಎನ್ನತೊಡಗಿದರು. ಯಾರೂ ಅವರಿಗೆ ಧೈರ್ಯ ಹೇಳಿರಲಿಲ್ಲ.

ದೇವಸ್ಥಾನದ ಬ್ರಹ್ಮಕಲಶದಲ್ಲಿ ಊಟದ ಬಟ್ಟಲು ಲೆಕ್ಕ ಇಡುವುದಾಗಲಿ, ಗ್ರಂಥಾಲಯದಲ್ಲಿ ವಾರಕ್ಕೆರಡು ಗಂಟೆ ಕೂರುವುದಾಗಲಿ, ನೆರೆಯ ಅಜ್ಜನ ಪಿಂಚಣಿ ಕಾಗದವನ್ನು ಓದಿ ಹೇಳುವುದಾಗಲಿ, ನಿಯಮ ಮೂರು. ಗುಂಪು ಸಣ್ಣದಿರಲಿ, ಕೆಲಸ ಪದೇ ಪದೇ ಬರುವಂತಿರಲಿ, ನೀವು ಬರದಿದ್ದರೆ ಯಾರಿಗಾದರೂ ಅದು ಗೊತ್ತಾಗುವಂತಿರಲಿ. ಮನೆಯವರು ಕುಗ್ಗಿದವರಿಗೆ ಎಲ್ಲ ಕೆಲಸದಿಂದಲೂ ವಿನಾಯಿತಿ ಕೊಟ್ಟುಬಿಡುವುದುಂಟು. ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಮಾಪಕ ಅದನ್ನು “ನೀನು ಬೇಕಾಗಿಲ್ಲ” ಎಂದೇ ಓದುತ್ತದೆ.

ಆರನೆಯ ಹೆಜ್ಜೆ: ನಿತ್ಯ ಮಾಪಕವನ್ನು ಬರಿದು ಮಾಡಿ

ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆದು, ಬರೆದು, ನೀರು ಚೆಲ್ಲುತ್ತಾರೆ. ಚೆಲ್ಲದಿದ್ದರೆ ನಿನ್ನೆಯ ಮಳೆ ಇಂದಿನ ಲೆಕ್ಕಕ್ಕೂ ಸೇರುತ್ತದೆ. ಹಳೆಯ ಅವಮಾನವನ್ನು ಮೆಲುಕು ಹಾಕುವುದೆಂದರೆ ಇದೇ. ದಿನಕ್ಕೊಂದು ಸಮಯ, ಹದಿನೈದು ನಿಮಿಷ ನಿಗದಿ ಮಾಡಿ, ಆಗ ಪುಸ್ತಕ ತೆರೆದು ಬೇಕಾದಷ್ಟು ಚಿಂತಿಸಿ ಬರೆಯಿರಿ. ಉಳಿದ ಹೊತ್ತು ನೆನಪಾದರೆ “ನಾಳೆ ಎಂಟೂವರೆಗೆ” ಎಂದು ಮುಂದೂಡಿ. ಮೊದಲ ದಿನಗಳಲ್ಲಿ ಇದು ನಗೆಪಾಟಲಾಗಿ ಕಾಣುತ್ತದೆ.

ಚೆಲ್ಲಲು ನೆರವಾಗುವ ಇನ್ನೊಂದು ಸಂಗತಿ: ಥಾಮಸ್ ಗಿಲೊವಿಚ್ ಅವರ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಜುಗರದ ಚಿತ್ರವಿದ್ದ ಟೀಶರ್ಟು ತೊಟ್ಟು ಕೋಣೆಗೆ ಹೋದ ವಿದ್ಯಾರ್ಥಿಗಳು ಹತ್ತಿರ ಹತ್ತಿರ ಅರ್ಧದಷ್ಟು ಜನ ತಮ್ಮನ್ನು ಗಮನಿಸಿದರೆಂದು ಭಾವಿಸಿದ್ದರು, ವಾಸ್ತವದಲ್ಲಿ ಗಮನಿಸಿದವರು ಕಾಲು ಭಾಗದಷ್ಟೇ. ಆ ದಿನ ನನ್ನೊಂದಿಗೆ ಬಂದಿದ್ದ ತಮ್ಮನನ್ನು ಎಷ್ಟೋ ವರ್ಷಗಳ ಮೇಲೆ ಕೇಳಿದೆ. ಅವನಿಗೆ ನೆನಪಿದ್ದದ್ದು ಬಸ್ ಸ್ಟ್ಯಾಂಡಿನಲ್ಲಿ ತನ್ನ ಚಪ್ಪಲಿಯ ಬಾರು ಕಿತ್ತುಹೋದದ್ದು.

ಈ ಹೆಜ್ಜೆಗಳು ಸಲ್ಲದ ಒಂದು ಸ್ಥಿತಿಯಿದೆ. ಎರಡು ವಾರಕ್ಕೂ ಮಿಕ್ಕಿ ದಿನವಿಡೀ ಮನಸ್ಸು ಮಂಕಾಗಿದ್ದು, ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿದ್ದರೆ, ಸಾಯುವ ಯೋಚನೆ ಒಂದು ಸಲ ಬಂದರೂ ಸಹ, ಅದನ್ನು ಖಿನ್ನತೆಯೆಂದು ಶಂಕಿಸಿ ವೈದ್ಯರನ್ನು ಕಾಣಬೇಕು. ಅಲ್ಲಿ ನೋಟುಪುಸ್ತಕ ಸಾಲದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕೇರಳದ ದಿಶಾ ಸಹಾಯವಾಣಿಯದು 1056. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿ ಮಾತಾಡಬಹುದು.

ನನ್ನ ಏಣಿಯ ಐದನೆಯ ಮೆಟ್ಟಿಲಿಗೆ ಬಂದದ್ದು ಅದರ ಮುಂದಿನ ವರ್ಷದ ಜೂನಿನಲ್ಲಿ. ಅದೇ ಕೌಂಟರು, ಬೇರೊಂದು ಹುದ್ದೆ, ಹೊರಗೆ ಜಡಿಮಳೆ. “ಈ ಪಟ್ಟಿಕಯಿಲ್ ಎನ್ಟೆ ಪೇರುಂಡೋ” ಎಂದು ಕೇಳಿದೆ. ಗುಮಾಸ್ತರು ಕಾಗದದ ಮೇಲೆ ಬೆರಳು ಓಡಿಸಿ, ತಲೆಯೆತ್ತದೆ, “ಇಲ್ಲ” ಎಂದರು. ಆ ಪದ ಎರಡು ಭಾಷೆಯಲ್ಲಿಯೂ ಒಂದೇ. ಬೋರ್ಡಿನ ಬಳಿ ಹೋಗಿ ನಾನೂ ಒಮ್ಮೆ ಮೇಲಿನಿಂದ ಕೆಳಗೆ ಓದಿ ನೋಡಿದೆ, ಕೊಡೆ ಬಿಡಿಸಿದೆ, ನಾಲ್ಕು ಗಂಟೆಯ ಬಸ್ಸು ಸಿಕ್ಕಿತು.